ಅಟ್ಟದ ಮೇಲಿನ ಐದು ವರ್ಷದ ಕೂಸು

ಅವರ ಮೇಲ್ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ಅಕ್ಕಿಕಾಳೊಂದು ಅಡ್ಡಲಾಗಿ ಕೂರುವಷ್ಟು, ಅಷ್ಟೇ. ಬಿದ್ದು ಒಡೆದುಕೊಂಡದ್ದಲ್ಲ, ದೇವರು ಕೊಟ್ಟದ್ದೂ ಅಲ್ಲ. ಆಯುಷ್ಯವಿಡೀ ಅಕ್ಕಿ ಕಡಿದು ಕಡಿದು ತಾವೇ ಸಂಪಾದಿಸಿದ್ದು. ರಾಜಾಜಿನಗರದಲ್ಲಿ ಅವರದೊಂದು ಅಕ್ಕಿ ಮಂಡಿ ಇತ್ತು. ಲಾರಿಯಿಂದ ಮೂಟೆ ಇಳಿದರೆ ಒಂದು ಕಾಳು ತೆಗೆದು, ಕಣ್ಣು ಮುಚ್ಚಿ, ಆ ಕಚ್ಚಿನಲ್ಲಿ ಕೂರಿಸಿ ಕಡಿಯುತ್ತಿದ್ದರು. ಕಟ್ ಎಂದು ಮುರಿದರೆ ಹಳೆಯ ಅಕ್ಕಿ. ಸದ್ದಿಲ್ಲದೆ ಹಿಟ್ಟಾದರೆ ಹೊಸದು. ಆ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ.

"ಇನ್ನೂ ಎಳೇದೈತಿ," ಎನ್ನುತ್ತಿದ್ದರು. "ಇರ್ಲಿ ಬಿಡ್ರಿ."

ಅವರು ನಮ್ಮ ಮನೆ ಓನರ್ರು. ಬಸವೇಶ್ವರನಗರದಲ್ಲಿ ಅವರ ಮನೆಯ ಮಹಡಿಗೆ ನಾನು, ನನ್ನ ಹೆಂಡತಿ, ನನ್ನ ತಾಯಿ ಬಾಡಿಗೆಗೆ ಬಂದ ದಿನ ಗೇಟಿನ ಬಳಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ ಬಗೆಗೆ, ಎಲ್ಲಿ ನನ್ನನ್ನೂ ಕಡಿದು ನೋಡುತ್ತಾರೋ ಎಂದು ಒಂದು ಕ್ಷಣ ಅಂಜಿದ್ದೆ. ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ ಎಂದೆ. "ಮೇಷ್ಟ್ರು ಇನ್ನೂ ಎಳೇರು," ಎಂದು ಒಳಗಿದ್ದ ಹೆಂಡತಿಗೆ ವರದಿ ಒಪ್ಪಿಸಿ ಬೀಗದಕೈ ಕೊಟ್ಟರು. ಆ ಮನೆಯಲ್ಲೇ ನನ್ನ ತಲೆ ನೆರೆಯಿತು, ನಿವೃತ್ತಿಯೂ ಆಯಿತು. ಆದರೂ ನಾನು ಬಲಿತೆನೆಂದು ಅವರು ಒಪ್ಪಿಕೊಂಡ ನೆನಪು ನನಗಿಲ್ಲ.

ದಾವಣಗೆರೆ ಕಡೆಯಿಂದ ಬಂದವರು. ಬೆಂಗಳೂರಿನ ನೀರು ಎಷ್ಟು ಕುಡಿದರೂ ಮಾತಿನಲ್ಲಿ "ಐತಿ" ಹೋಗಲಿಲ್ಲ. ಲೋಕದಲ್ಲಿ ಎರಡೇ ಬಗೆಯ ವಸ್ತುಗಳಿವೆ, ಬಲಿತದ್ದು ಮತ್ತು ಬಲಿಯಬೇಕಾದ್ದು ಎಂಬುದು ಅವರ ಸಿದ್ಧಾಂತ. ಅವರ ಮನೆಯ ಉಗ್ರಾಣಕ್ಕೆ ಕಾಲಿಟ್ಟರೆ ಈ ಸಿದ್ಧಾಂತದ ವಸ್ತುಸಂಗ್ರಹಾಲಯಕ್ಕೆ ಕಾಲಿಟ್ಟಂತೆ. ಎರಡು ವರ್ಷದ ಅಕ್ಕಿ, ಮೂರು ವರ್ಷದ ಅಕ್ಕಿ, ಕಪ್ಪಗೆ ಟಾರಿನಂತಾದ ಹುಣಸೆಹಣ್ಣು, ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು ಬರುವ ಔಷಧಿಯ ಹಳೆ ತುಪ್ಪ. ಮೇಲೆ ಅಟ್ಟದಲ್ಲಿ ಅವರ ಹೆಂಡತಿ ಹಾಕಿಟ್ಟ ಉಪ್ಪುನಿಂಬೆಯ ಜಾಡಿಗಳು, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಸಾಲಾಗಿ ಕೂತ ಸಭಿಕರಂತೆ. ಈ ವರ್ಷ ಹಾಕಿದ ಉಪ್ಪಿನಕಾಯಿಯನ್ನು ಈ ವರ್ಷವೇ ತಿನ್ನುವ ನಮ್ಮಂಥವರನ್ನು ಅವರು ಮರದಿಂದ ಕಾಯಿ ಕದ್ದು ತಿನ್ನುವ ಮಂಗಗಳಿಗಿಂತ ಬಹಳ ಮೇಲಿನವರೆಂದು ಎಣಿಸುತ್ತಿರಲಿಲ್ಲ.

ಈ ಸಿದ್ಧಾಂತವನ್ನು ನಾನು ಈಗ ಗೇಲಿ ಮಾಡುತ್ತಿದ್ದೇನೆ. ಆದರೆ ನನ್ನ ತಾಯಿ ಅದರ ಮೇಲೆಯೇ ಬದುಕಿದರು. ಅಮ್ಮನಿಗೆ ಕೊನೆಯಲ್ಲಿ ಏನೂ ಜೀರ್ಣವಾಗುತ್ತಿರಲಿಲ್ಲ. ಓನರ್ರು ಒಂದು ಬೆಳಿಗ್ಗೆ ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದು, ಒಂದು ಚೀಲ ಅಕ್ಕಿಯನ್ನು ಅಡುಗೆಮನೆಯ ಬಾಗಿಲಲ್ಲಿ ಇಟ್ಟು, ಇದರ ಗಂಜಿ ಬಿಟ್ಟು ಬೇರೆ ಏನನ್ನೂ ಕೊಡಕೂಡದೆಂದು ನನ್ನ ಹೆಂಡತಿಗೆ ಕಟ್ಟಪ್ಪಣೆ ಮಾಡಿ ಇಳಿದು ಹೋದರು. ಅಮ್ಮ ಇರುವ ತನಕ ಚೀಲ ಖಾಲಿಯಾಗುವ ಮೊದಲೇ ಇನ್ನೊಂದು ಬರುತ್ತಿತ್ತು. ಪ್ರತಿ ಚೀಲದ ಕಾಳನ್ನೂ ಅವರು ತಾವೇ ಕಡಿದು ನೋಡಿ ಕಳಿಸುತ್ತಿದ್ದರಂತೆ. ಈ ವಿಷಯ ಮಂಡಿಯ ಲೆಕ್ಕದವರಿಂದ ತಿಳಿಯಿತೇ ಹೊರತು ಅವರ ಬಾಯಿಂದಲ್ಲ. ಧನ್ಯವಾದ ಹೇಳಲು ಹೋದರೆ, "ಅಕ್ಕಿ ಹಳೇದಾಗೈತಿ, ಗಿರಾಕಿ ಕೇಳವಲ್ರು," ಎಂದು ಸುಳ್ಳು ಹೇಳಿದರು. ಹಳೇ ಅಕ್ಕಿಗೆ ಗಿರಾಕಿ ಇಲ್ಲದ ಊರು ಯಾವುದೆಂದು ನಾನು ಕೇಳಲಿಲ್ಲ.

ಈ ಮನುಷ್ಯ ಎಂಥವರೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಆ ಗಂಜಿಯ ಮಾತನ್ನೇ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಹೇಳದೆ ಇರುವುದೂ ಉಂಟು.

ಉಳಿದದ್ದು ಇದು.

ಅವರಿಗೆ ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡ ಮರುವರ್ಷ, ಮಗಳು ಒಬ್ಬ ಹುಡುಗನನ್ನು ರಿಜಿಸ್ಟರ್ ಮದುವೆ ಮಾಡಿಕೊಂಡು, ಆಮೇಲೆ ಮನೆಗೆ ಬಂದು ತಂದೆಗೆ ತಿಳಿಸಿದಳು. ಹುಡುಗ ಮಂಡ್ಯದ ಕಡೆಯವನು, ಲಿಫ್ಟ್ ಕೂರಿಸುವ ಕಂಪನಿಯಲ್ಲಿ ಇಂಜಿನಿಯರು. ಬಾಡೂಟ ಮಾಡುವ ಮನೆಯವನು ಎಂಬುದು ಓನರ್ರು ಬೀದಿಗೆ ಕೊಟ್ಟ ಕಾರಣ. ನನಗೆ ಕೊಟ್ಟ ಕಾರಣ ಬೇರೆ: "ಕೇಳಿದ್ರೆ ಬ್ಯಾಡ ಅಂತಿದ್ನೇನ್ರಿ ಮೇಷ್ಟ್ರೇ? ಒಂದು ವರ್ಷ ತಡೀರಿ ಅಂತಿದ್ದೆ." ಮಗಳು ಕೇಳದಿದ್ದುದು ಯಾಕೆಂಬುದು ಇದರಲ್ಲೇ ಇದೆ. ಅವರ ಒಂದು ವರ್ಷ ಎಷ್ಟು ಉದ್ದವೆಂಬುದು ಅವಳಿಗೆ ಗೊತ್ತಿತ್ತು.

ಗಂಡಹೆಂಡತಿ ಮೊದಲ ಸಲ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಭಾನುವಾರ ಮಧ್ಯಾಹ್ನ. ಊಟಕ್ಕೆ ಮುಂಚೆ ಒಳಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ನಾವಿಬ್ಬರೂ ಒಂದೊಂದು ಗುಟುಕು ರಮ್ಮು ತೆಗೆದುಕೊಳ್ಳುವ ಪದ್ಧತಿಯಿತ್ತು. ಅದನ್ನು ಅವರು ಔಷಧಿ ಎನ್ನುತ್ತಿದ್ದರು. ಅವರ ಹೆಂಡತಿ ಇದ್ದಾಗ ಮೀಟಿಂಗು ಎನ್ನುತ್ತಿದ್ದರು. ಈ ಮೀಟಿಂಗಿನ ವಿಷಯವನ್ನು ಮಗಳು ಗಂಡನಿಗೆ ಹೇಳಿರಬೇಕು. ಹುಡುಗ ಕಂಪನಿಯ ತರಬೇತಿಗೆಂದು ಹೊರದೇಶಕ್ಕೆ ಹೋಗಿದ್ದವನು ವಿಮಾನ ನಿಲ್ದಾಣದ ಅಂಗಡಿಯಿಂದ ಮಾವನಿಗೆಂದು ಒಂದು ಬಾಟಲಿ ತಂದಿದ್ದ. ಸ್ಕಾಚು. ಅದರಲ್ಲೂ ಸಿಂಗಲ್ ಮಾಲ್ಟು, ಎಂದರೆ ಹತ್ತು ಕಡೆಯದನ್ನು ಬೆರೆಸಿದ್ದಲ್ಲ, ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ಇಳಿಸಿದ್ದು ಎಂದು ವರಾಂಡದಲ್ಲಿ ನಿಂತೇ ವಿವರಿಸಿದ. ಕೂರಿ ಎಂದು ಯಾರೂ ಹೇಳಿರಲಿಲ್ಲ.

ಓನರ್ರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಒಣಹುಲ್ಲು ನೆನೆಹಾಕಿದ ನೀರಿನ ಬಣ್ಣ. ಕನ್ನಡಕ ಏರಿಸಿ ಚೀಟಿ ಓದಿದರು. ಐದು ವರ್ಷ ಎಂದು ದೊಡ್ಡದಾಗಿಯೇ ಬರೆದಿತ್ತು.

"ಐದು ವರ್ಷದ ಕೂಸು," ಎಂದರು. "ಇನ್ನೂ ಸ್ಕೂಲಿಗೆ ಹಾಕಿಲ್ಲ."

ಹುಡುಗ ನಕ್ಕ. ನಕ್ಕದ್ದು ಒಂದು ತಪ್ಪೆಂದು ದಾಖಲಾಯಿತೆಂದು ನನಗನ್ನಿಸಿತು.

ಆಮೇಲೆ ಅವರು ವರಾಂಡದಲ್ಲಿಯೇ ತೀರ್ಪು ಓದಿದರು. ಮದುವೆಯೂ ಎಳೇದು, ಅಳಿಯನೂ ಎಳೇದು, ತಂದ ಬಾಟಲಿಯೂ ಎಳೇದು. ಬಾಟಲಿ ಮನೆಯಲ್ಲಿರಲಿ, ಬೆಳೆಯಲಿ. ಅದಕ್ಕೆ ಹನ್ನೆರಡು ತುಂಬಿದ ದಿನ ತಾವೇ ಕರೆದು, ಮುಂದೆ ಕೂರಿಸಿಕೊಂಡು, ಅದನ್ನು ತೆರೆಯುತ್ತಾರೆ. ಅಲ್ಲಿಯ ತನಕ ಮಗಳು ಬಂದುಹೋಗಿ ಮಾಡಬಹುದು. ಹೀಗೆಂದು ಬಾಟಲಿಯನ್ನು ಒಳಗೆ ತೆಗೆದುಕೊಂಡರು. ಮನೆಗೆ ಬಂದ ಉಡುಗೊರೆಯನ್ನು ಬೇಡ ಎನ್ನುವ ಪದ್ಧತಿ ಅವರಲ್ಲಿರಲಿಲ್ಲ. ತಂದವನನ್ನು ಮಾತ್ರ ಒಳಗೆ ಕರೆಯಲಿಲ್ಲ.

ಅಂದು ಸಂಜೆ ಏಣಿ ಹಾಕಿಸಿ ಬಾಟಲಿಯನ್ನು ಅಟ್ಟದ ಮೇಲೆ, ಹೆಂಡತಿ ಹಾಕಿಟ್ಟ ಉಪ್ಪುನಿಂಬೆಯ ಕೊನೆಯ ಜಾಡಿಯ ಪಕ್ಕದಲ್ಲಿ ಇಡಿಸಿದರು. ಆ ಜಾಡಿಯೊಂದನ್ನು ಅವರು ತೆರೆದಿರಲಿಲ್ಲ. ಅದು ಯಾವಾಗ ಬಲಿಯುತ್ತದೆ ಎಂದು ನಾನು ಕೇಳಿಯೂ ಇರಲಿಲ್ಲ. ಬಾಟಲಿಯ ವಿಷಯಕ್ಕೆ ನನಗೊಂದು ಉಪನ್ಯಾಸವಾಯಿತು. ಅಕ್ಕಿ ಹೇಗೆ ಒಣಗಿ ಗಟ್ಟಿಯಾಗುತ್ತದೆ, ನಿಂಬೆ ಹೇಗೆ ತನ್ನ ಹುಳಿಯನ್ನು ತಾನೇ ತಿಂದು ಸಿಹಿಯಾಗುತ್ತದೆ, ಹಾಗೆಯೇ ಬಾರ್ಲಿಯ ಸಾರಾಯಿ ಕತ್ತಲಲ್ಲಿ ಕೂತು ತನ್ನ ಉರಿಯನ್ನು ತಾನೇ ನುಂಗಿಕೊಳ್ಳುತ್ತದೆ. ನಾನು ಮೇಷ್ಟ್ರಾದರೂ ಬಾಯಿ ಮುಚ್ಚಿ ಕೇಳಿದೆ. ತರ್ಕದಲ್ಲಿ ಎಲ್ಲಿಯೂ ಬಿರುಕು ಕಾಣಲಿಲ್ಲ.

ಹಾಗೆ ಆ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಯುಗಾದಿ, ಗೌರಿ, ದೀಪಾವಳಿಗೆ ಮಗಳು ಬರುವಳು. ಅಳಿಯ ಗೇಟಿನಾಚೆ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಅದರಲ್ಲೇ ಕೂರುವನು. ರಾಜರಾಜೇಶ್ವರಿನಗರದಿಂದ ನಾಯಂಡಹಳ್ಳಿಯ ಜನಜಂಗುಳಿ ದಾಟಿ ಬಂದವನಿಗೆ ಕಾರಿನಲ್ಲಿ ಕೂರುವುದೇನೂ ಹೊಸದಲ್ಲ ಎಂದು ನಾನು ಮೊದಲ ವರ್ಷ ಸಮಾಧಾನ ಮಾಡಿಕೊಂಡೆ. ಎರಡನೆಯ ವರ್ಷ ಆ ಸಮಾಧಾನ ಹಳಸಿತು. ಮಗಳು ಬಾಳೆಎಲೆಯಲ್ಲಿ ಹೋಳಿಗೆ ಸುತ್ತಿ ಕಾರಿಗೆ ಒಯ್ಯುತ್ತಿದ್ದಳು. ಅದಕ್ಕೆ ತಂದೆಯ ಅಡ್ಡಿಯಿರಲಿಲ್ಲ; ತುಪ್ಪ ಹಾಕಿದೆಯಾ ಎಂದು ಕೇಳುವುದೂ ಇತ್ತು. ಆ ಮನೆಯ ಹೋಳಿಗೆ ಹೊರಗೆ ಹೋಗಬಹುದಿತ್ತು, ಬಾಟಲಿ ಒಳಗೆ ಬರಬಹುದಿತ್ತು. ಮನುಷ್ಯ ಮಾತ್ರ ಅಟ್ಟದ ಮೇಲಿನ ಲೆಕ್ಕ ಮುಗಿಯುವ ತನಕ ಕಾಯಬೇಕು.

ಒಂದು ದೀಪಾವಳಿಗೆ ನಾನೇ ಕಾರಿನ ಬಳಿ ಹೋಗಿ ಅವನ ಪಕ್ಕದಲ್ಲಿ ಕೂತೆ. ಮೇಲೆ ನಮ್ಮನೆಗೆ ಬನ್ನಿ ಎಂದರೆ ಬರುತ್ತಿರಲಿಲ್ಲ; ಕೆಳಗಿನ ಮನೆಗೆ ಹೋಗದವನು ಮೇಲಿನ ಮನೆಗೆ ಹೋದರೆ ಚೆನ್ನಾಗಿರುವುದಿಲ್ಲ ಎನ್ನುವ ಮನುಷ್ಯ. ಬಾಟಲಿಯ ಮಾತು ಬಂತು. ಅವನು ಹೋಳಿಗೆಯ ಎಲೆ ಮಡಿಸುತ್ತಾ ಮೆಲ್ಲಗೆ ನಕ್ಕ.

"ಸಾರ್, ಒಂದು ಮಾತು. ಬಾಟ್ಲಿಗೆ ತುಂಬಿದ್ಮೇಲೆ ಅದು ಬಲಿಯಲ್ಲ. ಮರದ ಪೀಪಾಯಲ್ಲಿ ಎಷ್ಟು ವರ್ಷ ಇತ್ತೋ ಅಷ್ಟೇ ಅದ್ರ ವಯಸ್ಸು. ಐದು ಅಂದ್ರೆ ಐದೇ. ಅಟ್ಟದ ಮೇಲೆ ನೂರು ವರ್ಷ ಇಟ್ರೂ ಐದೇ."

ಹಾಗಾದರೆ ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದೆ. ಮಾವ ಅಷ್ಟು ನಂಬಿಕೆಯಿಂದ ಹೇಳುವಾಗ, ಮನೆ ಬಾಗಿಲಲ್ಲಿ ನಿಂತುಕೊಂಡು ನಿಮಗೆ ತಿಳಿಯದು ಅನ್ನುವುದು ಹೇಗೆ ಎಂದ. ಹೆಂಡತಿಗೂ ಹೇಳಿಲ್ಲವಂತೆ. ಅವಳು ಪಾಪ ಪ್ರತಿ ಯುಗಾದಿಗೂ ಬಾಟಲಿಯ ವಯಸ್ಸಿಗೆ ಒಂದು ಕೂಡಿಸಿಕೊಂಡು ಸಂತೋಷಪಡುತ್ತಿದ್ದಾಳೆ. "ಹನ್ನೆರಡು ಆಗ್ಲಿ ಸಾರ್. ಅವ್ರು ಕರೀತಾರೆ, ನಾನ್ ಹೋಗ್ತೀನಿ, ಚೆನ್ನಾಗಿ ಬಲ್ತಿದೆ ಮಾವ ಅಂತೀನಿ. ಮುಗೀತು. ನೀವು ಮಾತ್ರ ಹೇಳ್ಬೇಡಿ."

ಹೇಳಬಾರದೆಂದೇ ಇದ್ದೆ. ಆದರೆ ಮರು ಭಾನುವಾರ ಒಳಕೋಣೆಯಲ್ಲಿ ರಮ್ಮಿನ ಎರಡನೆಯ ಗುಟುಕಿಗೆ ನನ್ನ ಮೇಷ್ಟ್ರುತನ ತಲೆಯೆತ್ತಿತು. ತಪ್ಪು ಉತ್ತರವನ್ನು ತಿದ್ದದೆ ಬಿಡುವುದು ನನ್ನ ಕೈಗೆ ಅಷ್ಟು ಸುಲಭವಲ್ಲ. ಅಳಿಯನ ಹೆಸರೆತ್ತದೆ, ಎಲ್ಲೋ ಓದಿದೆನೆಂದು ಪೀಠಿಕೆ ಹಾಕಿ, ಪೀಪಾಯಿಯ ವಿಷಯವನ್ನು ಬಹಳ ಹಿಂಜರಿಕೆಯಿಂದ ಅವರ ಮುಂದಿಟ್ಟೆ. ಈ ವಯಸ್ಸಿನಲ್ಲಿ ಅವರ ಸಿದ್ಧಾಂತ ಕುಸಿದರೆ ಏನಾದೀತೋ ಎಂಬ ಭಯ ನಿಜವಾಗಿಯೂ ಇತ್ತು.

ಅವರು ಜೇಬಿನಿಂದ ಒಂದು ಅಕ್ಕಿಕಾಳು ತೆಗೆದು ಕಚ್ಚಿನಲ್ಲಿ ಕೂರಿಸಿದರು. ಕಟ್.

"ಗೊತ್ತೈತಿ ಮೇಷ್ಟ್ರೇ," ಎಂದರು.

ಬಾಟಲಿ ಅಟ್ಟ ಹತ್ತಿದ ಮೊದಲ ವರ್ಷವೇ ಗೊತ್ತಾಗಿತ್ತಂತೆ. ಮಂಡಿಯ ಎದುರಿನ ವೈನ್ ಶಾಪಿನವನ ಮುಂದೆ ತಮ್ಮ ಕೂಸಿನ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಅವನು ಬಿದ್ದು ಬಿದ್ದು ನಕ್ಕಿದ್ದಾನೆ. ಅಂದು ಆದ ಅವಮಾನ ಇನ್ನೂ ಹಸಿಯಾಗಿಯೇ ಇತ್ತು.

ಹಾಗಾದರೆ ಹನ್ನೆರಡು ವರ್ಷದ ಮಾತು?

"ಮಾತು ಮಾತೇ. ಬಲಿತ ದಿನ ಕರೀತೀನಿ ಅಂದೀನಿ." ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. "ಅವ್ನಿಗೆ ಗೊತ್ತಿಲ್ಲ, ಕಾಯ್ಲಿ. ನೀವೇನೂ ಹೇಳಬ್ಯಾಡ್ರಿ."

ನಾನು ಆ ಮಧ್ಯಾಹ್ನ ಮೆಟ್ಟಿಲು ಹತ್ತಿದ್ದು ನೆನಪಿದೆ. ಅಲ್ಲಿಯ ತನಕ ಅವರದು ತಿಳಿಯದ ತಪ್ಪೆಂದು ಪ್ರೀತಿಯಿಂದ ನಗುತ್ತಿದ್ದೆ. ತಿಳಿದ ಮೇಲೂ ಬಾಟಲಿಯನ್ನು ಇಳಿಸದೆ ಅಟ್ಟದ ಮೇಲೇ ಇಟ್ಟ ಕೈ ನನ್ನ ತಾಯಿಗೆ ಗಂಜಿಯ ಅಕ್ಕಿ ಕಳಿಸಿದ ಕೈಯೇ ಆಗಿತ್ತು. ಇದನ್ನು ಹೇಗೆ ಕೂಡಿಸಿಕೊಳ್ಳಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಅಳಿಯ ಮಾವನ ಮಾನ ಉಳಿಸಲೆಂದು ಸುಮ್ಮನಿದ್ದ. ಮಾವ ಅಳಿಯನನ್ನು ಹೊರಗಿಡಲೆಂದು ಸುಮ್ಮನಿದ್ದರು. ಒಂದೇ ಗುಟ್ಟನ್ನು ಎರಡು ಕಡೆಯವರೂ ನನ್ನಲ್ಲಿ ಠೇವಣಿ ಇಟ್ಟಿದ್ದರು. ಬಾಟಲಿ ಬಲಿಯುತ್ತದೆ ಎಂದು ನಂಬಿದವಳು ಆ ಮನೆಯಲ್ಲಿ ಮಗಳೊಬ್ಬಳೇ.

ಅವಳು ಎಣಿಸಿಯೇ ಎಣಿಸಿದಳು. ಒಂದು ಯುಗಾದಿಯ ದಿನ ಬೇವುಬೆಲ್ಲ ಕೊಡುವ ಹೊತ್ತಿಗೆ, "ಅಪ್ಪಾಜಿ, ಹನ್ನೆರಡಾಯ್ತು," ಎಂದಳು. ನಾನು ಅಲ್ಲೇ ಕೂತಿದ್ದೆ. ಹಬ್ಬದ ಸೀರೆ, ಕೈಯಲ್ಲಿ ತಟ್ಟೆ, ಮುಖದಲ್ಲಿ ಪರೀಕ್ಷೆ ಮುಗಿಸಿದ ಹುಡುಗಿಯ ಕಳೆ. ಓನರ್ರು ಎದ್ದು ಉಗ್ರಾಣದ ಬಾಗಿಲಿಗೆ ಹೋದರು. ತಲೆಯೆತ್ತಿ ಅಟ್ಟವನ್ನು ಬಹಳ ಹೊತ್ತು ನೋಡಿದರು. ಅವರು ಕರಗುತ್ತಿದ್ದಾರೆ ಎಂದೇ ನಾನು ತಿಳಿದೆ.

"ಹನ್ನೆರಡಕ್ಕೆ ಮೀಸೆ ಬರ್ತೈತೇನವ್ವಾ?" ಎಂದರು. "ಹದಿನೆಂಟಾಗ್ಲಿ. ಓಟು ಹಾಕೋ ವಯಸ್ಸು."

ಒಳ್ಳೆಯ ಹಾಸ್ಯವೇ. ಬೇರೆ ಸಂದರ್ಭದಲ್ಲಾದರೆ ನಾನೂ ನಗುತ್ತಿದ್ದೆ. ಮಗಳು ತಟ್ಟೆಯಿಂದ ಒಂದು ಚಿಟಿಕೆ ಬೇವುಬೆಲ್ಲ ತೆಗೆದು ತಂದೆಗೆ ಕೊಟ್ಟಳು, ನನಗೆ ಕೊಟ್ಟಳು, ಉಳಿದದ್ದನ್ನು ತೆಗೆದುಕೊಂಡು ಕಾರಿನ ಕಡೆ ಹೋದಳು. ಕಾರಿನ ಗಾಜು ಇಳಿಯಿತು. ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಅವನು ನಮ್ಮ ಗೇಟಿನ ಕಡೆ ಒಮ್ಮೆ ನೋಡಿ, ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಅಂದಿನಿಂದ ಅವನು ನನ್ನೊಡನೆ ಬಾಟಲಿಯ ಮಾತೆತ್ತಿದ್ದಿಲ್ಲ. ಮಾವನಿಗೆ ವಿಷಯ ಗೊತ್ತಿದೆ ಎಂಬುದು ಅವನಿಗೆ ಆ ಕ್ಷಣದಲ್ಲಿ ತಿಳಿಯಿತೆಂದು ನನ್ನ ಊಹೆ.

ಹದಿನೆಂಟಕ್ಕೆ ಇನ್ನೂ ಕಾಲವಿರುವಾಗಲೇ ಓನರ್ರ ಎದೆಯಲ್ಲಿ ನೀರು ತುಂಬಿಕೊಂಡಿತು. ಮೂರು ಮೆಟ್ಟಿಲು ಹತ್ತಿದರೆ ಮೂಟೆ ಹೊತ್ತವರಂತೆ ಏದುಸಿರು. ಆಸ್ಪತ್ರೆಗೆ ಸೇರಿಸಿದ್ದು ಅಳಿಯ, ಕಾಗದಗಳಿಗೆ ಸಹಿ ಹಾಕಿದ್ದು ಅಳಿಯ, ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುತ್ತಿಗೆ ವಾಲಿಸಿ ನಿದ್ದೆ ಮಾಡಿದ್ದು ಅಳಿಯ. ಡಾಕ್ಟರು ನಿಮ್ಮ ಮಗ ಬಹಳ ಓಡಾಡ್ತಾರೆ ಎಂದಾಗ ಓನರ್ರು ತಿದ್ದಲಿಲ್ಲ. ಅವರು ಕರಗುತ್ತಿರುವುದಕ್ಕೆ ಅದು ಮೊದಲ ಲಕ್ಷಣ.

ಮನೆಗೆ ಕರೆತಂದ ದಿನ ಕಾರು ಗೇಟಿನ ಮುಂದೆ ನಿಂತಿತು. ಅವರಿಗೆ ನಡೆಯಲು ಆಗುತ್ತಿರಲಿಲ್ಲ. ಅಳಿಯ ಬಾಗಿ ಅವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಆಯುಷ್ಯವಿಡೀ ಅಕ್ಕಿ ಮೂಟೆಗಳನ್ನು ತೂಗಿಸಿದ ಮನುಷ್ಯ ಅಷ್ಟು ಹಗುರವಾಗಿದ್ದರು. ಹೀಗೆ ಅಳಿಯ ಆ ಮನೆಯ ಹೊಸಿಲನ್ನು ಮೊದಲ ಬಾರಿಗೆ ದಾಟಿದ. ಯಾರು ಯಾರನ್ನು ಒಳಗೆ ಕರೆದುಕೊಂಡರೆಂದು ಹೇಳುವುದು ಕಷ್ಟ. ಮಂಚದ ಮೇಲೆ ಮಲಗಿಸಿ, ಹೊದಿಕೆ ಸರಿಮಾಡಿ, ಫ್ಯಾನು ಹಾಕಿ, ಅವನು ತಿರುಗಿ ಹೋಗಿ ಕಾರಿನಲ್ಲಿ ಕೂತ. ಸಿಟ್ಟಿನಿಂದಲ್ಲ. ಆ ಮನೆಗೆ ಬಂದಾಗ ಅವನು ಕೂರುವ ಜಾಗ ಅದು.

ಓನರ್ರು ಕಿಟಕಿಯಿಂದ ಅದನ್ನು ನೋಡಿದರು. ನನ್ನನ್ನು ಹತ್ತಿರ ಕರೆದು ಹೇಳಿದರು: "ಬರೋ ಭಾನುವಾರ ಇಬ್ರೂ ಊಟಕ್ಕೆ ಬರ್ಲಿ ಅಂತ ಹೇಳ್ರಿ. ಅಟ್ಟದ ಮೇಲಿಂದು ಇಳಸ್ರಿ. ಜಾಡೀನೂ."

ಜಾಡಿಯೂ ಎಂದಾಗ ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಆ ಭಾನುವಾರ ನಾನೇ ಏಣಿ ಹತ್ತಿದೆ. ಬಾಟಲಿಯ ಮೇಲೆ ಧೂಳಿನ ಒಂದು ಪದರ. ಒರೆಸಿದರೆ ಒಳಗೆ ಅದೇ ಒಣಹುಲ್ಲಿನ ಬಣ್ಣ, ಒಂದು ಕೂದಲೆಳೆಯಷ್ಟೂ ಗಾಢವಾಗಿರಲಿಲ್ಲ. ಮಗಳು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ಒಳಕೋಣೆಯ ಬಾಗಿಲನ್ನು ಅಂದು ಮುಂದೆ ಮಾಡಲಿಲ್ಲ. ಮಂಚದ ಮೇಲೆ ದಿಂಬಿಗೊರಗಿ ಓನರ್ರು, ಎದುರಿನ ಕುರ್ಚಿಯಲ್ಲಿ ಅಳಿಯ, ಪಕ್ಕದಲ್ಲಿ ನಾನು. ಸ್ಟೂಲಿನ ಮೇಲೆ ಮೂರು ಸ್ಟೀಲ್ ಲೋಟ, ಒಂದು ಚೊಂಬು ನೀರು, ಒಂದು ತಟ್ಟೆ ಖಾರದ ಕಡಲೆಕಾಯಿ ಬೀಜ, ಜಾಡಿ.

ಮೊದಲು ಜಾಡಿಯ ಬಟ್ಟೆ ಬಿಚ್ಚಿದರು. ಗಂಟನ್ನು ಯಾರಿಗೂ ಮುಟ್ಟಗೊಡಲಿಲ್ಲ. ನಿಂಬೆ ಕಾಡಿಗೆಯಷ್ಟು ಕಪ್ಪಾಗಿ, ಜೇನಿನಂಥ ರಸದಲ್ಲಿ ಮುಳುಗಿತ್ತು. ಆಮೇಲೆ ಬಾಟಲಿಯ ಬಿರಡೆ. ಅದು ಒಣಗಿ ಅರ್ಧ ಮುರಿಯಿತು. ಉಳಿದರ್ಧವನ್ನು ಅಳಿಯ ಚಾಕುವಿನಿಂದ ಬಿಡಿಸಿ, ಚೂರು ಬೀಳದಂತೆ ಬಟ್ಟೆಯಲ್ಲಿ ಸೋಸಿ ಕೊಟ್ಟ. ಡಾಕ್ಟರು ಒಂದು ಚಮಚಕ್ಕೆ ಒಪ್ಪಿದ್ದರೆಂದು ಓನರ್ರು ಹೇಳಿದರು. ಡಾಕ್ಟರು ಹಾಗೆ ಹೇಳಿದ್ದನ್ನು ಬೇರೆ ಯಾರೂ ಕೇಳಿರಲಿಲ್ಲ.

ಪರೀಕ್ಷೆಯ ವಿಧಿಯನ್ನು ಅವರು ಬಿಡಲಿಲ್ಲ. ಎರಡು ಹನಿಯನ್ನು ಅಂಗೈಗೆ ಹಾಕಿ ತುಪ್ಪ ತಿಕ್ಕುವಂತೆ ತಿಕ್ಕಿ ಮೂಗಿಗೆ ಹಿಡಿದರು. ನಾವೂ ಹಾಗೆಯೇ ಮಾಡಿದೆವು. ಮೊದಲು ಬಂದದ್ದು ಸ್ಪಿರಿಟಿನ ಘಾಟು, ಇಂಜೆಕ್ಷನ್ನಿಗೆ ಮುಂಚೆ ನರ್ಸು ತೋಳಿಗೆ ಒರೆಸುವುದರದು. ಅದು ಹಾರಿಹೋದ ಮೇಲೆ, ಅಂಗೈಯಲ್ಲಿ ಮೊಳಕೆ ಕಟ್ಟಿ ಹುರಿದ ಕಾಳಿನ ವಾಸನೆ ಉಳಿಯಿತು, ಕೂಸುಗಳಿಗೆ ಕೊಡುವ ರಾಗಿಸರಿಯ ಹಿಟ್ಟಿನ ವಾಸನೆ. ಓನರ್ರ ಮುಖ ಅರಳಿತು. "ಕಾಳು ಕಣ್ರಿ ಮೇಷ್ಟ್ರೇ, ಎಷ್ಟಾದ್ರೂ ಕಾಳು," ಎಂದರು, ಪರದೇಶದಲ್ಲಿ ನೆಂಟರನ್ನು ಕಂಡವರಂತೆ.

ಬಾಯಿಗೆ ಹಾಕಿಕೊಂಡೆ. ಮೊದಲ ಗಳಿಗೆ ಸಿಹಿ, ಅರೆಹಣ್ಣಾದ ಮರಸೇಬಿನದು. ಅದರ ಬೆನ್ನಿಗೇ ಹಸಿ ಮೆಣಸಿನಕಾಳು ಕಡಿದಂಥ ಉರಿ ನಾಲಿಗೆಯಿಂದ ಕಿವಿಯವರೆಗೆ. ನುಂಗಿದ ಮೇಲೆ ಗಂಟಲಲ್ಲಿ ಒಂದು ಒಗರು, ಹಸಿ ಕಡ್ಡಿ ಅಗಿದ ಕಹಿ. ನೀರು ಬೆರೆಸಿದರೆ ಉರಿ ತಗ್ಗಿತು, ಕಹಿ ಹೋಗಲಿಲ್ಲ. ಕೆಟ್ಟದ್ದೇನಲ್ಲ. ಉತ್ಸಾಹಿ ತರುಣನೊಬ್ಬ ಏರುದನಿಯಲ್ಲಿ ಮಾತಾಡಿದಂತೆ ಇತ್ತು. ಐದು ವರ್ಷದ್ದು ಐದು ವರ್ಷದ್ದೇ.

ಓನರ್ರು ತಮ್ಮ ಚಮಚವನ್ನು ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಇಟ್ಟುಕೊಂಡರು. ಉರಿಗೆ ಎದೆ ಒಮ್ಮೆ ಎಗರಿತು. ಕೆಮ್ಮನ್ನು ನುಂಗಿಕೊಂಡರು. ಕಣ್ಣಲ್ಲಿ ನೀರು.

"ಬಲ್ತೈತಿ," ಎಂದರು.

ಅವರ ಬಾಯಿಂದ ಆ ಮಾತನ್ನು ನಾನು ಅಕ್ಕಿಯ ವಿಷಯಕ್ಕೆ ಹೊರತು ಕೇಳಿದ್ದಿಲ್ಲ. ಬದುಕಿಡೀ ತಪ್ಪು ತೀರ್ಪು ಕೊಡದ ಬಾಯಿ ಅದು. ಅವರು ಸುಳ್ಳು ಹೇಳುತ್ತಿದ್ದರು, ಸುಳ್ಳೆಂದು ಅವರಿಗೆ ಗೊತ್ತಿತ್ತು, ಅಳಿಯನಿಗೂ ಗೊತ್ತಿದೆ ಎಂಬುದೂ ಬಹುಶಃ ಅಷ್ಟು ಹೊತ್ತಿಗೆ ಗೊತ್ತಿತ್ತು. ಅವರಿಂದ ಸಾಧ್ಯವಿದ್ದ ಕ್ಷಮಾಪಣೆ ಅಷ್ಟೇ. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಅಳಿಯನ ಮುಖ ನೋಡಿ ಕೇಳಿದರು: "ಏನಂತೀಯಪ್ಪಾ?"

ಅಳಿಯ ಲೋಟ ಎತ್ತಿದ. ವಾಸನೆ ನೋಡಿದ. ಒಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ ನುಂಗಿದ. ಜಾಡಿಯ ಕಡೆ ಬಾಗಿ ನಿಂಬೆಯ ಒಂದು ಚೂರು ತೆಗೆದು ನಾಲಿಗೆಯ ಮೇಲಿಟ್ಟುಕೊಂಡ. ಅದನ್ನು ಬಹಳ ಮರ್ಯಾದೆಯಿಂದ ತಿಂದ.

"ಉಪ್ಪಿನಕಾಯಿ ಬಲ್ತಿದೆ ಮಾವ," ಎಂದ. "ಅತ್ತೆ ಕೈ ತುಂಬಾ ಚೆನ್ನಾಗಿದೆ. ಇದು ಇನ್ನೂ ಎಳೇದು."

ಲೋಟವನ್ನು ಸ್ಟೂಲಿನ ಮೇಲೆ ಇಟ್ಟ. ಸದ್ದಾಗಲಿಲ್ಲ.

"ಇರ್ಲಿ ಬಿಡಿ. ಕಾರಲ್ಲಿರ್ತೀನಿ."

ದನಿ ಏರಿರಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಗೋಡೆಗೆ ಕೈ ಊರಿದ, ಅಷ್ಟೇ. ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಖಾಲಿ ಕುರ್ಚಿಯನ್ನು ನೋಡಿದಳು, ತಂದೆಯನ್ನು ನೋಡಿದಳು. ಒಳಗೆ ಹೋಗಿ ಎರಡು ಹೋಳಿಗೆಯನ್ನು ಎಲೆಯಲ್ಲಿ ಸುತ್ತಿಕೊಂಡು ಹೊರಟಳು. "ತುಪ್ಪ ಹಾಕೀಯೇನವ್ವಾ?" ಎಂದು ಓನರ್ರು ಕೇಳಿದರು. ಅವಳು ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದಳು.

ನಾನು ಅಳಿಯನ ಲೋಟವನ್ನು ತೆಗೆಯಲು ಹೋದೆ. ಓನರ್ರು ಕೈ ಅಡ್ಡ ಹಿಡಿದರು. ಅದರಲ್ಲಿ ಮುಕ್ಕಾಲು ಪಾಲು ಉಳಿದಿತ್ತು. ಪಕ್ಕದಲ್ಲಿದ್ದ ಸಾಸರನ್ನು ಅದರ ಮೇಲೆ ಮುಚ್ಚಿ, ಕಿಟಕಿಯ ಪಕ್ಕದ ಗೂಡಿನಲ್ಲಿ ಇಡಿಸಿದರು.

"ಬರ್ತಾನೆ," ಎಂದರು.

ಅದಾದ ಮೇಲೆ ಅವರು ಒಂದು ದೀಪಾವಳಿ ಕಂಡರು. ಬೆಳಿಗ್ಗೆಯಿಂದಲೇ ಬಾಗಿಲು ಹಾರು ಹೊಡೆಸಿ, ವರಾಂಡದಲ್ಲಿ ಗೇಟಿಗೆ ಮುಖ ಮಾಡಿ ಕುರ್ಚಿ ಹಾಕಿಸಿಕೊಂಡು ಕೂತರು. ಹೊಂಗೆಮರದ ಕೆಳಗೆ ಕಾರು ಬಂದು ನಿಂತಿತು. ಮಗಳು ಇಳಿದು ಒಳಗೆ ಬಂದಳು. ಆ ಇಡೀ ಹೊತ್ತು ಒಬ್ಬರು ಕುರ್ಚಿಯಲ್ಲಿ, ಒಬ್ಬ ಕಾರಿನಲ್ಲಿ, ನಡುವೆ ತೆರೆದ ಗೇಟು. ಕರೆಯಿರಿ ಎಂದು ನಾನು ಓನರ್ರಿಗೆ ಹೇಳಿದೆ. ಬಾಗಿಲು ತೆಗೆದೈತಲ್ಲ ಎಂದರು. ಹೋಗಿ ಎಂದು ಅಳಿಯನಿಗೂ ಹೇಳಿದೆ. ಕರೆದರೆ ಹೋಗ್ತೀನಿ ಸಾರ್ ಎಂದ. ಇಬ್ಬರ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ಅಷ್ಟು ಚಿಕ್ಕ ಅಂಗಳದಲ್ಲಿ ನಾನು ಅಷ್ಟು ನಡೆದದ್ದು ಅದೇ ಮೊದಲು, ಅದೇ ಕೊನೆ.

ಮಾಗಿಯ ಚಳಿಯಲ್ಲಿ ಒಂದು ಬೆಳಗಿನ ಜಾವ ಅವರು ಹೋದರು. ಅಳಿಯ ಬಂದು, ಯಾರೂ ಕರೆಯದೆ ಒಳಗೆ ನಡೆದು, ಮಾಡಬೇಕಾದ್ದನ್ನೆಲ್ಲ ಮಾಡಿದ. ಜಂಗಮರು ಹೇಳಿದಂತೆ ಕೂರಿಸಿದ, ವಿಭೂತಿ ಹಚ್ಚಿದ, ಹೆಗಲು ಕೊಟ್ಟ. ಮಗನ ಹಾಗೆ ಮಾಡಿದ ಎಂದು ಬೀದಿಯವರೆಲ್ಲ ಹೊಗಳಿದರು. ಬೀದಿಗೆ ಯಾವಾಗಲೂ ಒಂದು ಕಾರಣ ಸಾಕು.

ಕಾರ್ಯವೆಲ್ಲ ಮುಗಿದು, ಮನೆ ಖಾಲಿ ಮಾಡಲು ಗಂಡಹೆಂಡತಿ ಬಂದ ದಿನ ನಾನು ಕೈ ನೆರವಿಗೆ ಇಳಿದೆ. ಹಳೇ ಅಕ್ಕಿಯನ್ನು ಮಠಕ್ಕೆ ಕಳಿಸಿದರು. ಒಂದು ಸಣ್ಣ ಚೀಲವನ್ನು ಮಗಳು ತಂದು ನನ್ನ ಹೆಂಡತಿಯ ಕೈಗೆ ಕೊಟ್ಟಳು. ಅಪ್ಪಾಜಿ ನಿಮಗೆಂದು ತೆಗೆದಿರಿಸಿದ್ದರು ಎಂದಳು. ಒಂದು ಕಾಳು ತೆಗೆದು ಹಲ್ಲಿಗೆ ಇಟ್ಟು ನೋಡಿದೆ. ಕಟ್ ಎಂದಿತು. ಬಾಟಲಿಯನ್ನು ಅಳಿಯ ನನಗೇ ಕೊಟ್ಟ, ತನ್ನ ಮನೆಗೆ ಬೇಡವೆಂದ. ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ತಾನೇ ಎತ್ತಿಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಬಟ್ಟೆ ಸುತ್ತಿ ಇಟ್ಟು, ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ, ಬಾಗಿಲು ಕಿಟಕಿ ಹಾಕಲು ವಾಪಸು ಬಂದ.

ಒಳಕೋಣೆಯ ಗೂಡಿನಲ್ಲಿ ಸಾಸರು ಮುಚ್ಚಿದ ಲೋಟ ಹಾಗೇ ಇತ್ತು. ಅವನು ಸಾಸರು ಎತ್ತಿದ. ಒಳಗೆ ಏನೂ ಇರಲಿಲ್ಲ. ತಳದಲ್ಲಿ ಒಂದು ತೆಳ್ಳನೆಯ ಕಂದು ಬಳೆ, ಅಷ್ಟೇ.

"ಇದೇನು ಸಾರ್?"

"ನಿಮ್ಮದು," ಎಂದೆ. "ಮುಚ್ಚಿಡಿಸಿದ್ರು. ಬರ್ತಾನೆ ಅಂದಿದ್ರು."

ಅವನು ಲೋಟವನ್ನು ಮೂಗಿಗೆ ಹಿಡಿದು ನೋಡಿದ. ಅಡುಗೆಮನೆಗೆ ಒಯ್ದು, ನಲ್ಲಿಯ ಕೆಳಗೆ ಬೆರಳು ಹಾಕಿ ತಿಕ್ಕಿ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದ. ತಿರುಗಿ ಬಂದು ಮಂಚದ ಎದುರಿನ ಕುರ್ಚಿಯಲ್ಲಿ ಕೂತ, ಆ ಭಾನುವಾರ ಕೂತಿದ್ದ ಕುರ್ಚಿ. ಹೊರಗೆ ಕಾರಿನ ಹಾರನ್ ಆಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಆಯಿತು. ಅವನು ಏಳಲಿಲ್ಲ.